ಸಾಫ್ಟ್‌ವೇರಿನಲ್ಲಿ ‘ಇದ್ದೂ’ ಬರೆಯುವವರು

ಕಳೆದ ತಿಂಗಳು ಬಸವನಗುಡಿಯಲ್ಲಿ ಗೆಳೆಯನೊಬ್ಬನ ಕಥಾಸಂಕಲನದ ಬಿಡುಗಡೆ ಇತ್ತು. ಭಾನುವಾರ ಬೆಳಗ್ಗೆ ಹತ್ತೂವರೆಗೆ. ಮೊದಲು ಉಪ್ಪಿಟ್ಟು, ಕೇಸರಿಬಾತು, ಕಾಫಿ, ಆಮೇಲೆ ಭಾಷಣ. ವೇದಿಕೆ ಮೇಲಿದ್ದ ಹಿರಿಯರೊಬ್ಬರು ಮೈಕು ಹಿಡಿದು, “ಈ ಹುಡುಗರನ್ನ ಮೆಚ್ಚಲೇಬೇಕು ಕಣ್ರೀ. ಸಾಫ್ಟ್‌ವೇರಿನಲ್ಲಿ ಇದ್ದೂ ಕನ್ನಡದಲ್ಲಿ ಕಥೆ ಬರೀತಾರೆ” ಅಂದರು. ಚಪ್ಪಾಳೆ ಬಿತ್ತು. ನಾನೂ ತಟ್ಟಿದೆ. ತಟ್ಟಿದ ಕೈ ಕೆಳಗಿಳಿಸೋ ಹೊತ್ತಿಗೆ ಸಿಟ್ಟು ಬಂದಿತ್ತು.

ಆ ‘ಇದ್ದೂ’ ಇದೆಯಲ್ಲ, ಅದರ ಕೊನೆಯ ದೀರ್ಘವನ್ನ ಸ್ವಲ್ಪ ಗಮನಿಸಿ. ಜ್ವರ ಇದ್ದೂ ಪರೀಕ್ಷೆ ಬರೆದ. ಸಾಲ ಇದ್ದೂ ಮಗಳನ್ನ ಓದಿಸಿದ. ಜ್ವರ, ಸಾಲ ಕೂರಬೇಕಾದ ಜಾಗದಲ್ಲಿ ನಮ್ಮ ಕೆಲಸ ಕೂತಿದೆ. ಅಂದ್ರೆ ಕೋಡ್ ಬರೆಯೋದು ಒಂದು ಕಾಯಿಲೆ, ಕಥೆ ಬರೆಯೋದು ಅದರಿಂದ ಸಂಜೆ ಹೊತ್ತು ಚೇತರಿಸಿಕೊಳ್ಳೋದು!

ಬಿ.ಜಿ.ಎಲ್. ಸ್ವಾಮಿಯವರು ಸಸ್ಯಶಾಸ್ತ್ರಜ್ಞರಾಗಿದ್ದೂ ‘ಹಸುರು ಹೊನ್ನು’ ಬರೆದರು ಅಂತ ಯಾರಾದ್ರೂ ಹೇಳಿದ್ದನ್ನ ಕೇಳಿದ್ದೀರಾ? 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದ ಪುಸ್ತಕ ಅದು. ವಿದ್ಯಾರ್ಥಿಗಳನ್ನ ಕಟ್ಟಿಕೊಂಡು, ಗಿಡ ಹುಡುಕುತ್ತಾ ಕಾಡು ಅಲೆದವರಿಗೆ ಮಾತ್ರ ಸಿಗೋ ಕಣ್ಣು ಅದರಲ್ಲಿದೆ. ಸಸ್ಯಶಾಸ್ತ್ರಜ್ಞ ಆಗಿದ್ದರಿಂದಲೇ ಆ ಪುಸ್ತಕ. ಇನ್ನೂ ಹಿಂದಕ್ಕೆ, 12ನೇ ಶತಮಾನದ ಆಸುಪಾಸಿಗೆ ಹೋಗಿ. ಅಂಬಿಗರ ಚೌಡಯ್ಯ, ಮೇದರ ಕೇತಯ್ಯ, ನುಲಿಯ ಚಂದಯ್ಯ, ಆಯ್ದಕ್ಕಿ ಲಕ್ಕಮ್ಮ, ಜೇಡರ ದಾಸಿಮಯ್ಯ. ಹೆಸರಿನ ಮೊದಲರ್ಧವೇ ಅವರ ಡೆಸಿಗ್ನೇಷನ್ನು. ಚೌಡಯ್ಯನಂತೂ ಅಂಕಿತಕ್ಕೆ ದೇವರ ಹೆಸರನ್ನೂ ಹುಡುಕಲಿಲ್ಲ. ಕಸುಬಿನ ಸಮೇತ ತನ್ನ ಹೆಸರನ್ನೇ ಇಟ್ಟುಕೊಂಡ. ಕನ್ನಡದಲ್ಲಿ ಕಸುಬಿನವರು ಬರೆಯೋದು ವಿಶೇಷ ಅಲ್ಲ ಸ್ವಾಮಿ. ಕಸುಬನ್ನ ಬಚ್ಚಿಟ್ಟು ಬರೆಯೋದು ವಿಶೇಷ.

ಇಷ್ಟನ್ನೆಲ್ಲ ಮನಸ್ಸಿನಲ್ಲೇ ಆ ಹಿರಿಯರಿಗೆ ಹೇಳ್ತಾ ಮೆಟ್ರೋ ಹತ್ತಿದೆ. ದಾಸರಹಳ್ಳಿ ಬರೋವರೆಗೂ ಭಾಷಣ ನಡೆದೇ ಇತ್ತು. ಮನೆಗೆ ಬಂದು, ಅವರ ಮಾತು ಸುಳ್ಳು ಅಂತ ಸಾಬೀತು ಮಾಡೋಕೆ ಲ್ಯಾಪ್‌ಟಾಪ್ ತೆಗೆದೆ.

ನನ್ನ ಲ್ಯಾಪ್‌ಟಾಪಿನಲ್ಲಿ ‘ಕಥೆ’ ಅಂತ ಒಂದು ಫೋಲ್ಡರ್ ಇದೆ. 8 ವರ್ಷದ ದುಡಿಮೆ, 14 ಕಥೆ. ಗ್ರೆಪ್ ಹೊಡೆದೆ. (ರಾಶಿ ಫೈಲುಗಳಲ್ಲಿ ಒಂದು ಪದ ಎಲ್ಲೆಲ್ಲಿದೆ ಅಂತ ಹುಡುಕಿಕೊಡೋ ಕಮಾಂಡು ಅದು. ನಿಮ್ಮಲ್ಲಿ ಅರ್ಧ ಜನಕ್ಕೆ ಗೊತ್ತಿರುತ್ತೆ, ಉಳಿದವರಿಗಾಗಿ ಹೇಳಿದೆ.) ‘ಅಜ್ಜಿ’ 61 ಸಲ. ‘ಮಳೆ’ 48. ‘ಕಂಬಳಿ’ 9. ‘ಮ್ಯಾನೇಜರ್’ 2. ‘ಸಂಬಳ’ 1. ‘ಇಎಂಐ’ ಸೊನ್ನೆ.

ನಮ್ಮೂರು ಹುಳಿಯಾರಿನ ಕಡೆ. ಅಲ್ಲಿ 48 ಸಲ ನೆಟ್ಟಗೆ ಮಳೆ ಬರಬೇಕಾದ್ರೆ ಎರಡು ಮೂರು ವರ್ಷ ಕಾಯಬೇಕು. ಅಪ್ಪನ ಅಮ್ಮ ನಾನು ಹುಟ್ಟೋಕೆ ಮೊದಲೇ ತೀರಿಕೊಂಡಿದ್ದರು. ಅಮ್ಮನ ಅಮ್ಮ ಹೋದಾಗ ನನಗೆ ನಾಲ್ಕು ವರ್ಷ, ಮುಖ ನೆನಪಿಲ್ಲ. ಹಾಗಾದ್ರೆ 61 ಸಲ ಬಂದು ಕೋಡುಬಳೆ ಕೊಟ್ಟು, ತಲೆ ನೇವರಿಸಿ, ಕಥೆಯ ಕೊನೆಯಲ್ಲಿ ತೀರಿಕೊಳ್ಳೋ ಈ ಅಜ್ಜಿ ಯಾರು? ಬೇರೆಯವರ ಕಥೆಗಳಿಂದ ಕಾಪಿ-ಪೇಸ್ಟ್ ಮಾಡಿಕೊಂಡ ಅಜ್ಜಿ.

ಹಿರಿಯರು ಹೇಳಿದ್ದು ಸರಿಯಾಗೇ ಇತ್ತು. ನಾವು ಸಾಫ್ಟ್‌ವೇರಿನಲ್ಲಿ ಇದ್ದೂ ಬರೆಯೋರೇ. ದಿನಕ್ಕೆ ಹತ್ತು ಗಂಟೆ ಎಲ್ಲಿ ಇರ್ತೀವೋ, ಯಾವುದಕ್ಕೆ ಹೆದರ್ತೀವೋ, ಯಾರ ಮೇಲೆ ಹೊಟ್ಟೆಕಿಚ್ಚು ಪಡ್ತೀವೋ, ಯಾವ ಮೆಸೇಜು ಬಂದ್ರೆ ಹೊಟ್ಟೆಯಲ್ಲಿ ಕಲಸಿದ ಹಾಗಾಗುತ್ತೋ ಅದನ್ನೆಲ್ಲ ಸೆಕ್ಯುರಿಟಿ ಗೇಟಿನಲ್ಲಿ ಬ್ಯಾಡ್ಜ್ ಜೊತೆ ಬಿಟ್ಟು ಬಂದು, ರಾತ್ರಿ ಹನ್ನೊಂದಕ್ಕೆ ಅಜ್ಜಿಯನ್ನ ಎಬ್ಬಿಸ್ತೀವಿ. ಆಫೀಸು ಕಥೆಯೊಳಗೆ ಬಂದ್ರೂ ಒಂದೇ ಪಾತ್ರ: ಗಾಜಿನ ಕಟ್ಟಡ. ಎಸಿ ಚಳಿ. ನಾಯಕ ಕಿಟಕಿಯಿಂದ ಆಚೆ ನೋಡ್ತಾನೆ, ಊರು ನೆನಪಾಗುತ್ತೆ, ಫ್ಲ್ಯಾಷ್‌ಬ್ಯಾಕ್ ಶುರು. ಆ ಗಾಜಿನ ಕಟ್ಟಡದೊಳಗೆ ಆತ ಮಾಡ್ತಿದ್ದ ಕೆಲಸ ಏನು ಅಂತ ಯಾವ ಕಥೆಯೂ ಹೇಳಲ್ಲ.

ನಿಜ ಹೇಳಬೇಕು ಅಂದ್ರೆ, ಬರೆಯೋದಕ್ಕೆ ನನಗೆ ಏನಾದ್ರೂ ಗೊತ್ತಿದ್ರೆ ಅದರಲ್ಲಿ ಮುಕ್ಕಾಲು ಪಾಲು ಕಲಿತದ್ದು ಈ ಕೆಲಸದಿಂದ. ಮೊದಲ ಕಂಪನಿಯಲ್ಲಿ ನನ್ನ ಕೋಡ್ ನೋಡ್ತಿದ್ದ ಸೀನಿಯರ್ ಒಬ್ಬರಿದ್ದರು, ಸೇಲಂ ಕಡೆಯವರು. ವೇರಿಯಬಲ್‌ಗೆ ‘ಟೆಂಪ್’, ‘ಡೇಟಾ2’ ಅಂತ ಹೆಸರಿಟ್ರೆ ಮುಲಾಜಿಲ್ಲದೆ ವಾಪಸ್ ಕಳಿಸೋರು. ಇದು ಏನು ಅಂತ ನಿನಗೇ ಗೊತ್ತಿಲ್ಲ, ಅದಕ್ಕೇ ಹೆಸರು ಸಿಕ್ಕಿಲ್ಲ ಅನ್ನೋರು. ಒಂದು ದಿನ ನನ್ನದೇ ಕಥೆ ಓದ್ತಾ ಇದ್ದೆ. ‘ಯಾವುದೋ ಹಕ್ಕಿ ಕೂಗಿತು’, ‘ಎಲ್ಲಿಂದಲೋ ಹೂವಿನ ವಾಸನೆ ಬಂತು’, ‘ಏನೋ ಒಂಥರಾ ಸಂಕಟವಾಯಿತು’. ಯಾವುದೋ, ಎಲ್ಲಿಂದಲೋ, ಏನೋ. ಕನ್ನಡದ ಟೆಂಪ್ ವೇರಿಯಬಲ್‌ಗಳು ಇವು! ಹಕ್ಕಿ ಯಾವುದು ಅಂತ ಗೊತ್ತಿರಲಿಲ್ಲ, ಸಂಕಟ ಯಾವುದು ಅಂತಲೂ ಗೊತ್ತಿರಲಿಲ್ಲ. ಗೊತ್ತಿಲ್ಲದ್ದನ್ನ ಕಾವ್ಯ ಅಂತ ಕರೆದುಕೊಂಡಿದ್ದೆ.

ನನ್ನ ಕಥೆಗಳ ಮೊದಲ ಓದುಗಳು ಟೀಮಿನ ಟೆಸ್ಟರ್. ಹಾಸನದವಳು, ಸಾಹಿತ್ಯ ಗೀಹಿತ್ಯ ಅಂತ ಏನೂ ಇಲ್ಲ. ಒಂದು ಕಥೆ ಓದಿ ಮಾರನೇ ದಿನ ಬಗ್ ಲಿಸ್ಟೇ ಕಳಿಸಿದಳು. ಎರಡನೇ ಪುಟದಲ್ಲಿ ಮಾವನ ತಿಥಿ ಆಗಿದೆ, ಆರನೇ ಪುಟದಲ್ಲಿ ಮಾವ ಜಗಲಿ ಮೇಲೆ ಕೂತು ಕಾಫಿ ಕುಡೀತಿದಾರೆ, ತೀವ್ರತೆ: ಹೆಚ್ಚು. ನಾಯಕಿ ರಾತ್ರೋರಾತ್ರಿ ಮನೆ ಬಿಟ್ಟು ಹೋಗ್ತಾಳೆ, ಮೂರು ವರ್ಷದ ಮಗು ಯಾರ ಹತ್ರ ಇದೆ? ಬಸ್ ಚಾರ್ಜಿಗೆ ದುಡ್ಡು ಎಲ್ಲಿಂದ ಬಂತು? ಮೊದಲು ನಗು ಬಂತು. ಆಮೇಲೆ ತಲೆ ಕೆಟ್ಟಿತು, ಯಾಕಂದ್ರೆ ಮಗು ಯಾರ ಹತ್ರ ಇದೆ ಅನ್ನೋ ಪ್ರಶ್ನೆಗೆ ಉತ್ತರ ಹುಡುಕೋಕೆ ಹೋದ್ರೆ ಆ ಹೆಂಗಸು ಮನೆ ಬಿಟ್ಟು ಹೋಗೋಕೇ ಆಗಲ್ಲ. ನಾನು ಬಿಡುಗಡೆ ಅಂತ ಬರೆದದ್ದು ಬರೀ ಮರೆವು. ಎಡ್ಜ್ ಕೇಸ್ ಅಂತೀವಲ್ಲ, ಎಲ್ಲ ಸರಿಯಿದ್ದಾಗ ಅಲ್ಲ, ಅಂಚಿನಲ್ಲಿ, ಇನ್‌ಪುಟ್ ಖಾಲಿ ಬಂದಾಗ ಏನಾಗುತ್ತೆ ಅಂತ ನೋಡೋದು. ಬಡವರ, ಹೆಂಗಸರ ಕಥೆಗಳಲ್ಲಿ ಎಲ್ಲವೂ ಎಡ್ಜ್ ಕೇಸೇ.

ಇನ್ನೊಂದು ಪಾಠ ಡೀಬಗ್ ಮಾಡೋದರದ್ದು. ಪ್ರೋಗ್ರಾಂ ಕೈಕೊಟ್ಟಾಗ ಹೊಸಬರು ಬೈಯೋದು ಸರ್ವರ್‌ಗೆ, ನೆಟ್‌ವರ್ಕಿಗೆ, ಪಕ್ಕದ ಟೀಮಿಗೆ. ಹತ್ತು ವರ್ಷ ಪೆಟ್ಟು ತಿಂದವನು ಮೊದಲು ತನ್ನ ಕೋಡನ್ನ ಅನುಮಾನಿಸ್ತಾನೆ. ‘ಗಿಟ್ ಬ್ಲೇಮ್’ ಅಂತ ಒಂದು ಕಮಾಂಡೇ ಇದೆ. ಈ ಸಾಲು ಯಾರು ಬರೆದಿದ್ದು, ಯಾವತ್ತು ಬರೆದಿದ್ದು ಅಂತ ಹೆಸರು ಸಮೇತ ತೋರಿಸುತ್ತೆ. ಯಾರಪ್ಪಾ ಈ ಕತ್ತೆ ಅಂತ ಬೈಕೊಂಡು ಹೊಡೆದ್ರೆ ಎಷ್ಟೋ ಸಲ ಬರೋದು ನಮ್ಮದೇ ಹೆಸರು, ಮೂರು ವರ್ಷದ ಹಿಂದಿನದು.

ಕೋಡಿಗೆ ಒಂದೇ ಅರ್ಥ, ಸಾಹಿತ್ಯಕ್ಕೆ ಹತ್ತು ಅರ್ಥ, ಎರಡೂ ಹೇಗೆ ಹೊಂದುತ್ತೆ ಅಂತ ಕೇಳೋರಿದಾರೆ. ಕೇಳಲಿ. ಹತ್ತು ಅರ್ಥ ಇರಬೇಕಾದ್ದು ಮನುಷ್ಯರಲ್ಲಿ. ವಾಕ್ಯದಲ್ಲಿ ಯಾರು ಯಾರಿಗೆ ಏನು ಮಾಡಿದರು ಅನ್ನೋದು ತಿಳಿಯದೇ ಹೋದ್ರೆ ಅದು ಧ್ವನಿ ಅಲ್ಲ, ಗೊಂದಲ.

ಯಾರು ಯಾರಿಗೆ ಏನು ಮಾಡಿದರು. ಈಗ ಅದಕ್ಕೆ ಬರ್ತೀನಿ. ಕೆಲಸ ನನಗೆ ಕಲಿಸಿದ್ದು ಬರೀ ಒಳ್ಳೇದನ್ನೇ ಅಲ್ಲ. ಕೋಡಿನ ಭಾಷೆ ಜೊತೆ ಇನ್ನೊಂದು ಭಾಷೆಯನ್ನೂ ಕಲಿಸಿದೆ, ಮೇಲ್‌ಗಳ ಭಾಷೆ. ಅದರಲ್ಲಿ ಕರ್ತೃವೇ ಇರಲ್ಲ. ನಿರ್ಧರಿಸಲಾಗಿದೆ. ಗಮನಿಸಲಾಗಿದೆ. ತಂಡವನ್ನು ಮರುರಚಿಸಲಾಗಿದೆ. ಹೈಸ್ಕೂಲಿನಲ್ಲಿ ಕರ್ಮಣಿ ಪ್ರಯೋಗ ಅಂತ ಎರಡು ಮಾರ್ಕಿಗೆ ಓದಿದ್ದೆವು. ಅದರಲ್ಲಿ ಇಡೀ ಜೀವನ ನಡೆಸಬಹುದು ಅಂತ ಗೊತ್ತಾಗಿದ್ದು ಕೆಲಸಕ್ಕೆ ಸೇರಿದ ಮೇಲೆ.

ಕೆಲವು ವರ್ಷದ ಹಿಂದಿನ ಮಾತು. ಕಂಪನಿ ಹೆಸರು ಬೇಡ. ನಮ್ಮ ಗ್ರಾಹಕರೊಬ್ಬರಿಗಾಗಿ ಸಾಲದ ಕಂತು ವಸೂಲಿ ಮಾಡೋ ಸಿಸ್ಟಮ್ಮನ್ನ ನೋಡಿಕೊಳ್ತಿದ್ದೆವು. ತಿಂಗಳಿಗೊಂದು ರಾತ್ರಿ ಬ್ಯಾಚ್ ಜಾಬ್ ಓಡುತ್ತೆ, ಸಾವಿರಾರು ಖಾತೆಗಳಿಂದ ಕಂತು ಕಡಿತ ಆಗುತ್ತೆ. ಆ ರಾತ್ರಿ ಆನ್-ಕಾಲ್‌ನಲ್ಲಿ ಇದ್ದವಳು ಟೀಮಿಗೆ ಹೊಸಬಳು, ಸಿಂಧನೂರು ಕಡೆಯ ಹುಡುಗಿ, ಎರಡು ವರ್ಷದ ಅನುಭವ. ಅವಳಿಗೆ ಬೆನ್ನಿಗೆ ಇರಬೇಕಾದವನು ನಾನು. ಜಾಬು ಅರ್ಧಕ್ಕೆ ನಿಂತ ಹಾಗೆ ಕಾಣಿಸಿದೆ. ಅವಳು ರನ್‌ಬುಕ್ ತೆಗೆದಿದಾಳೆ. ಇಂಥದ್ದಾದರೆ ಹೀಗೆ ಮಾಡಿ ಅಂತ ಹಂತಹಂತವಾಗಿ ಬರೆದಿಟ್ಟ ಕೈಪಿಡಿ ಅದು. ಅದರಲ್ಲಿ ‘ಜಾಬ್ ನಿಂತಿದ್ದರೆ ಈ ಸ್ಕ್ರಿಪ್ಟ್ ಓಡಿಸಿ’ ಅಂತ ಇತ್ತು. ಅವಳು ಓಡಿಸಿದಳು. ಹಳೇ ಜಾಬು ಸತ್ತಿರಲಿಲ್ಲ, ನಿಧಾನ ಆಗಿತ್ತು ಅಷ್ಟೆ. ಬೆಳಗ್ಗೆ ಹೊತ್ತಿಗೆ ಕೆಲವು ನೂರು ಜನರ ಖಾತೆಯಿಂದ ಕಂತು ಎರಡೆರಡು ಸಲ ಹೋಗಿತ್ತು. ಎರಡು ದಿನದಲ್ಲಿ ದುಡ್ಡು ವಾಪಸ್ ಹಾಕಿದೆವು, ನಿಜ. ಆ ಎರಡು ದಿನದಲ್ಲಿ ಯಾರದೋ ಚೆಕ್ ಬೌನ್ಸ್ ಆಗಿರುತ್ತೆ, ಯಾರೋ ಮಗನ ಫೀಸಿಗೆ ಅಂತ ಇಟ್ಟದ್ದು ಖಾಲಿಯಾಗಿರುತ್ತೆ. ನೋಡಿ, ಮತ್ತೆ ‘ಯಾರೋ’. ನಮ್ಮ ಸ್ಕ್ರೀನಿನಲ್ಲಿ ಅವರೆಲ್ಲ ಬರೀ ನಂಬರುಗಳು.

ಓಡಿಸೋ ಮೊದಲು ಹಳೇ ಜಾಬು ನಿಜವಾಗಿ ನಿಂತಿದೆಯಾ ಪರೀಕ್ಷಿಸಿ ಅನ್ನೋ ಒಂದು ಸಾಲು ರನ್‌ಬುಕ್ಕಿನಲ್ಲಿ ಇರಬೇಕಿತ್ತು. ಇರಲಿಲ್ಲ. ಅದನ್ನ ಬರೆದವನು ನಾನು. ಎಲ್ಲರಿಗೂ ಗೊತ್ತಿರೋದೇ ಅಲ್ವಾ ಅಂತ ಬಿಟ್ಟಿದ್ದೆ.

ಇಂಥದ್ದಾದಾಗ ಆರ್‌ಸಿಎ ಅಂತ ಒಂದು ವರದಿ ಬರೀಬೇಕು, ಮೂಲ ಕಾರಣ ಏನು ಅಂತ. ಅದನ್ನೂ ನಾನೇ ಬರೆದೆ; ಟೀಮಿನಲ್ಲಿ ‘ಚೆನ್ನಾಗಿ ಬರೆಯೋನು’ ಅಂತ ಹೆಸರಿತ್ತು ನೋಡಿ. ಇಂಗ್ಲಿಷಿನದ್ದನ್ನ ಕನ್ನಡಕ್ಕೆ ತಂದ್ರೆ ಹೆಚ್ಚುಕಮ್ಮಿ ಹೀಗಿರುತ್ತೆ: ‘ಮರುಚಾಲನೆಗೆ ಮುನ್ನ ಅಗತ್ಯ ಪರಿಶೀಲನೆ ನಡೆಸಲಾಗಿಲ್ಲ. ಮೂಲ ಕಾರಣ: ಮಾನವ ದೋಷ. ಸಂಬಂಧಪಟ್ಟವರಿಗೆ ತರಬೇತಿ ನೀಡಲಾಗುವುದು.’ ಒಂದೇ ಒಂದು ಸುಳ್ಳು ಇಲ್ಲ ಅದರಲ್ಲಿ. ನಾನೂ ಇಲ್ಲ. ‘ಮಾನವ’ ಅಂದ್ರೆ ಯಾರು ಅಂತ ಹೇಳಬೇಕಾಗೇ ಇರಲಿಲ್ಲ, ಆ ರಾತ್ರಿ ಸ್ಕ್ರಿಪ್ಟ್ ಓಡಿಸಿದ್ದು ಯಾರು ಅಂತ ಲಾಗ್‌ನಲ್ಲೇ ಇತ್ತಲ್ಲ. ರನ್‌ಬುಕ್ ಕೂಡ ಗಿಟ್‌ನಲ್ಲೇ ಇತ್ತು. ಯಾರೂ ಬ್ಲೇಮ್ ಹೊಡೆದು ನೋಡಲಿಲ್ಲ. ನಾನು ನೋಡಿದ್ದೆ. ಮಾರನೇ ವಾರ ಸದ್ದಿಲ್ಲದೆ ಆ ಸಾಲು ಸೇರಿಸಿದೆ.

ವರ್ಷದ ಕೊನೆಗೆ ಅವಳಿಗೆ ಎಲ್ಲರಿಗಿಂತ ಕೆಳಗಿನ ರೇಟಿಂಗ್ ಬಂತು. ಮುಂದಿನ ವರ್ಷ ಜನ ಕಡಿಮೆ ಮಾಡುವಾಗ ಪಟ್ಟಿಯಲ್ಲಿ ಹೆಸರೂ ಬಂತು. ಒಂದು ಸೋಮವಾರ ಹನ್ನೊಂದು ಗಂಟೆಗೆ ಮೀಟಿಂಗ್ ರೂಮಿಗೆ ಹೋದವಳು ಹೊರಗೆ ಬಂದು ಡ್ರಾಯರಿನಲ್ಲಿದ್ದ ಸ್ಟೀಲ್ ಲೋಟ, ಚಾರ್ಜರ್ ಬ್ಯಾಗಿಗೆ ಹಾಕಿಕೊಂಡು, ನನ್ನ ಡೆಸ್ಕ್ ಹತ್ರ ಬಂದು “ಬರ್ತೀನ್ರೀ ಸರ್” ಅಂದಳು. ನಾನು ಕಾಲ್‌ನಲ್ಲಿದ್ದೆ. ಕೈ ಎತ್ತಿದೆ.

ಇದಾದ ಆರು ತಿಂಗಳಿಗೆ ನಾನು ಒಂದು ಕಥೆ ಬರೆದೆ. ಇಲ್ಲಿಂದ ಮುಂದೆ ಹೇಳೋದು ನನ್ನೊಬ್ಬನದೇ ಅಲ್ಲ, ನಮ್ಮೆಲ್ಲರದೂ ಅಂತ ನನ್ನ ಗುಮಾನಿ. ಆ ಕಥೆಯಲ್ಲಿ ಒಬ್ಬ ಗೌಡ ಇದ್ದ, ದೊಡ್ಡ ತೊಟ್ಟಿಮನೆ ಇತ್ತು. ಮನೆಕೆಲಸದ ಹುಡುಗಿ ಮೇಲೆ ಸರ ಕದ್ದ ಆರೋಪ ಬರುತ್ತೆ. ಅವಳು ಕದ್ದಿಲ್ಲ. ಗೌಡನಿಗೂ ಗೊತ್ತು. ಆದರೂ ಅವಳನ್ನ ಮಳೆಯಲ್ಲಿ (ಮಳೆ!) ಮನೆಯಿಂದ ಹೊರಗೆ ಹಾಕ್ತಾರೆ. ಇದನ್ನೆಲ್ಲ ಕಂಬದ ಮರೆಯಲ್ಲಿ ನಿಂತು ಒಬ್ಬ ಹತ್ತು ವರ್ಷದ ಹುಡುಗ ನೋಡ್ತಾನೆ, ಏನೂ ಮಾಡಲಾಗದೆ ಅಳ್ತಾನೆ. ಆ ಹುಡುಗನೇ ‘ನಾನು’. ಕಥೆ ಒಂದು ದೀಪಾವಳಿ ವಿಶೇಷಾಂಕದಲ್ಲಿ ಬಂತು. ಫೋನುಗಳು ಬಂದವು. ಮಣ್ಣಿನ ವಾಸನೆ ಇದೆ ಅಂದ್ರು. ಬಡವರ ಕಣ್ಣೀರು ಇದೆ ಅಂದ್ರು. ನನಗೂ ಎರಡು ದಿನ ಹಗುರ ಅನ್ನಿಸಿತ್ತು.

ಹಗುರ ಅನ್ನಿಸದೇ ಇರುತ್ತಾ? ಮೂವತ್ತು ದಾಟಿದ, ಆ ರನ್‌ಬುಕ್ ಬರೆದ, ಆ ವರದಿ ಬರೆದ, ಬಾಯಿ ಮುಚ್ಚಿಕೊಂಡು ಕೂತ ಗಂಡಸನ್ನ ಕಂಬದ ಮರೆಯ ಮುಗ್ಧ ಹುಡುಗನನ್ನಾಗಿ ಮಾಡಿದ್ದೆ. ನನ್ನ ಪಾಲಿನ ತಪ್ಪನ್ನೆಲ್ಲ ಒಬ್ಬ ಗೌಡನ ಹೆಗಲಿಗೆ ಹಾಕಿದ್ದೆ. ಆ ಗೌಡ ಎಲ್ಲಿದ್ದ? ನಮ್ಮೂರಿನಲ್ಲಿ ತೊಟ್ಟಿಮನೆಯೇ ಇಲ್ಲ. ನಮ್ಮ ಹಳ್ಳಿ ಕಥೆಗಳ ಬಗ್ಗೆ ನನ್ನ ತಕರಾರು ಇದು, ಅವು ಹಳೇವು ಅಂತಲ್ಲ. ಹಳ್ಳಿ ಬಗ್ಗೆ ಬರೆಯೋರು ಬರೀಲಿ, ಅಲ್ಲಿ ಬದುಕ್ತಿರೋರು, ಅಲ್ಲಿನ ಜಗಳ ಗೊತ್ತಿರೋರು. ಆದರೆ ನಾವು, ವಾರಾಂತ್ಯಕ್ಕೆ ಊರಿಗೆ ಹೋಗಿ ಸೋಮವಾರ ಬೆಳಗಿನ ಜಾವದ ಬಸ್ಸಿಗೆ ವಾಪಸ್ ಬರೋರು, ಹಳ್ಳಿಯನ್ನ ಅಡಗುತಾಣ ಮಾಡಿಕೊಂಡಿದೀವಿ. ಆಫೀಸಿನಲ್ಲಿ ಮಾಡಿದ ಸಣ್ಣತನಗಳನ್ನ ಅಲ್ಲಿಗೆ ಒಯ್ದು ತೊಳೆದುಕೊಂಡು ಬರ್ತೀವಿ. ಇದಕ್ಕೆ ಬೇಕಾಗೇ ನಮ್ಮ ಕಥೆಗಳಿಗೆ ಕೆಲಸ ಬೇಡವಾಗಿದೆ. ಸೌಂದರ್ಯಪ್ರಜ್ಞೆ ಗಿಜ್ಞೆ ಎಲ್ಲ ನೆಪ.

ಹೆದರಿಕೆಯೂ ಇದೆ, ಅದನ್ನೂ ಒಪ್ಪಿಕೊಳ್ಳೋಣ. ಸತ್ತ ಗೌಡ ಅಪ್ರೈಸಲ್ ಮಾಡಲ್ಲ. ಮ್ಯಾನೇಜರ್ ಮಾಡ್ತಾನೆ.

ಊರನ್ನೇ ಬರೀಬೇಕು ಅಂದ್ರೂ ನಾನು ಬರೀಬಹುದಾಗಿದ್ದದ್ದು ಬೇರೆ ಇತ್ತು. ನಮ್ಮಪ್ಪ ಪಂಪ್‌ಸೆಟ್ ಮೋಟಾರ್ ರಿವೈಂಡಿಂಗ್ ಮಾಡೋರು. ಬಸ್‌ಸ್ಟ್ಯಾಂಡ್ ಹಿಂದೆ ಶೀಟಿನ ಅಂಗಡಿ, ತಾಮ್ರದ ತಂತಿ ಸುರುಳಿ, ವಾರ್ನಿಷ್ ವಾಸನೆ. ತೋಟಗಳಿಗೆ ತ್ರೀ ಫೇಸ್ ಕರೆಂಟು ಬರ್ತಿದ್ದದ್ದು ರಾತ್ರಿ ಹೊತ್ತು, ಅದೂ ಕೆಲವೇ ಗಂಟೆ. ಮೂರರಲ್ಲಿ ಒಂದು ಫೇಸ್ ಹೋದರೂ ಮೋಟಾರ್ ತಿರುಗೋಕೆ ನೋಡಿ ಸುಟ್ಟು ಹೋಗೋದು. ಅಪ್ಪ ಮೋಟಾರ್ ಬಿಚ್ಚಿ ಒಳಗೆ ನೋಡ್ತಿದ್ದಂಗೇ ಹೇಳೋರು. ಸ್ಟಾರ್ ಕನೆಕ್ಷನ್ ಮೋಟಾರಿನಲ್ಲಿ ಎರಡು ಫೇಸಿನ ಕಾಯಿಲ್ ಕರ್ರಗಾಗಿ ಒಂದು ಮಾತ್ರ ಹೊಸದರ ಹಾಗೆ ಹೊಳೀತಿದ್ರೆ ಅದು ಸಿಂಗಲ್ ಫೇಸಿಂಗ್. ಸುಡದೇ ಉಳಿದ ಕಾಯಿಲೇ ಸಾಕ್ಷಿ ಹೇಳುತ್ತೆ ಅನ್ನೋರು.

ಅವರ ಹತ್ರ ಕೆಂಪು ರಟ್ಟಿನ ಉದ್ದದ ನೋಟ್‌ಬುಕ್ ಇತ್ತು. ಬಂದ ಮೋಟಾರು, ಎಚ್‌ಪಿ, ತಂತಿ ಗೇಜು, ಸುತ್ತು ಎಷ್ಟು, ಏನಾಗಿತ್ತು, ಏನು ಮಾಡಿದೆ. ಬಿಡುಗಡೆ ಕಾರ್ಯಕ್ರಮ ಆದ ಮುಂದಿನ ವಾರ ಊರಿಗೆ ಹೋಗಿದ್ದಾಗ ಅಟ್ಟದಿಂದ ಇಳಿಸಿಕೊಂಡು ಕೂತೆ. ‘ಕೋಡಿ ತೋಟ. 5 ಎಚ್‌ಪಿ. ಎರಡು ಫೇಸ್ ಸುಟ್ಟಿದೆ, ಒಂದು ಚೆನ್ನಾಗಿದೆ. ಪ್ರಿವೆಂಟರ್ ಹಾಕಿಸು ಅಂದೆ. ದುಡ್ಡಿಲ್ಲ ಅಂದ.’ ನನ್ನ ಯಾವ ಕಥೆಯಲ್ಲೂ ಒಬ್ಬ ರೈತ ಇಷ್ಟು ಪೂರ್ತಿಯಾಗಿ ಬಂದಿಲ್ಲ. ಇನ್ನೆರಡು ಪುಟ ಆದ ಮೇಲೆ ಇನ್ನೊಂದು: ‘ಮೇಲಿನ ಬೀದಿ. 3 ಎಚ್‌ಪಿ. ಮತ್ತೆ ಸುಟ್ಟು ಬಂತು. ನನ್ನ ತಪ್ಪು. ಕನೆಕ್ಷನ್ ತಿರುವುಮುರುವು ಮಾಡಿದ್ದೆ. ಹೊಸ ತಂತಿ ಸುತ್ತಿ ಕೊಟ್ಟೆ. ದುಡ್ಡು ತಗೊಂಡಿಲ್ಲ.’ ಏಳನೇ ಕ್ಲಾಸು ಓದಿದ ಮನುಷ್ಯ ಬರೆದ ಆರ್‌ಸಿಎ ಅದು. ಅಪ್ಪ ಪಕ್ಕದಲ್ಲೇ ಕೂತಿದ್ದರು. “ಅದ್ಯಾಕೋ ಈಗ, ಹಳೇ ಕರ್ಮ” ಅಂದರು. ನಾನೇನೂ ಹೇಳಲಿಲ್ಲ.

ಕೆಲಸವನ್ನ ಒಳಗೆ ತಂದರೆ ಕಥೆ ಒಣಗಿ ಹೋಗುತ್ತೆ, ಟೆಕ್ನಿಕಲ್ ಆಗುತ್ತೆ ಅನ್ನೋರಿಗೆ ಇಬ್ಬರ ಹೆಸರು ಹೇಳಬೇಕು. ಪ್ರೀಮೊ ಲೆವಿ ಇಟಲಿಯವರು, ಆಶ್ವಿಟ್ಜ್‌ನಿಂದ ಬದುಕಿ ಬಂದವರು, ಆಮೇಲೆ ಟ್ಯೂರಿನ್ ಹತ್ತಿರ ಬಣ್ಣದ ಕಾರ್ಖಾನೆಯಲ್ಲಿ ದಶಕಗಟ್ಟಲೆ ಕೆಮಿಸ್ಟ್ ಆಗಿ ದುಡಿದವರು. ತಮ್ಮ ಬರವಣಿಗೆಗೆ ಮಾದರಿ ಕಾರ್ಖಾನೆಯ ವಾರದ ವರದಿ ಅಂತ ಹೇಳಿಕೊಂಡಿದಾರೆ. ಚಿಕ್ಕದಾಗಿರಬೇಕು, ಎಲ್ಲರಿಗೂ ಅರ್ಥ ಆಗಬೇಕು. 1975ರ ಅವರ ‘ದಿ ಪೀರಿಯಾಡಿಕ್ ಟೇಬಲ್’ ಪುಸ್ತಕದಲ್ಲಿ 21 ಅಧ್ಯಾಯ, ಒಂದೊಂದಕ್ಕೂ ಒಂದೊಂದು ಮೂಲವಸ್ತುವಿನ ಹೆಸರು. ಅದರಲ್ಲಿ ‘ವೆನೇಡಿಯಂ’ ಅಂತ ಒಂದಿದೆ. ಶುರುವಾಗೋದು ಒಣಗದ ವಾರ್ನಿಷ್‌ನಿಂದ. ಸರಕು ಕಳಿಸಿದ ಜರ್ಮನ್ ಕಂಪನಿ ಜೊತೆ ದೂರು, ಸಮಜಾಯಿಷಿ, ಪತ್ರ ವ್ಯವಹಾರ. ನಾವು ದಿನಾ ಮಾಡೋದೇ. ಆ ಕಡೆಯವನು ಒಂದು ರಾಸಾಯನಿಕದ ಹೆಸರಿನಲ್ಲಿ ಒಂದು ಅಕ್ಷರ ತಪ್ಪಿಸ್ತಾನೆ. ಆಶ್ವಿಟ್ಜ್‌ನ ಲ್ಯಾಬಿನಲ್ಲಿ ತನ್ನ ಮೇಲಿದ್ದವನೊಬ್ಬ ಅಂಥದ್ದೇ ತಪ್ಪು ಮಾಡ್ತಿದ್ದದ್ದು ಲೆವಿಗೆ ನೆನಪಾಗುತ್ತೆ. ಅವನೇ ಇವನು. ಮುಂದೆ ಆ ಮನುಷ್ಯ ತನ್ನ ಹಳೇದನ್ನ ಹೇಗೆ ಹೇಳಿಕೊಳ್ತಾನೆ, ಏನು ನುಂಗಿಕೊಳ್ತಾನೆ ಅನ್ನೋದನ್ನ ನೀವೇ ಓದಿ. ಹೇಳಬೇಕಾದ್ದು ಇಷ್ಟೆ: ಕೆಮಿಸ್ಟ್ ಅಲ್ಲದವನ ಕಣ್ಣಿಗೆ ಆ ಒಂದು ಅಕ್ಷರ ಬೀಳ್ತಿರಲಿಲ್ಲ.

ಇನ್ನೊಬ್ಬರು ನಮ್ಮವರೇ, ಹನೇಹಳ್ಳಿಯ ಯಶವಂತ ಚಿತ್ತಾಲರು. ಪಾಲಿಮರ್ ತಂತ್ರಜ್ಞ, ಮುಂಬಯಿಯಲ್ಲಿ ಬೇಕಲೈಟ್ ಹೈಲಮ್ ಕಂಪನಿಯಲ್ಲಿ ಕೆಲಸ. 1979ರಲ್ಲಿ ‘ಶಿಕಾರಿ’ ಬಂತು. ನಾಗಪ್ಪ ಅನ್ನೋ ತಂತ್ರಜ್ಞ, ಕಂಪನಿಯೊಳಗಿನ ಒಳಸಂಚು, ಯಾವ ತಪ್ಪು ಅಂತ ಸರಿಯಾಗಿ ಹೇಳದೆ ಕೆಲಸದಿಂದ ಸಸ್ಪೆಂಡ್ ಮಾಡೋದು. ನಮ್ಮ ಮೀಟಿಂಗ್ ರೂಮುಗಳಲ್ಲಿ ನಡೆಯೋದೆಲ್ಲ ಅಲ್ಲಿದೆ, ಎಕ್ಸೆಲ್ ಶೀಟ್ ಒಂದಿಲ್ಲ. ನಾಗಪ್ಪನ ಹಿಂದೆ ಊರೂ ಇದೆ, ಬಾಲ್ಯವೂ ಇದೆ. ಆದರೆ ಆಫೀಸಿನಿಂದ ತಪ್ಪಿಸಿಕೊಳ್ಳೋಕೆ ಅಂತ ಇಲ್ಲ. ನಲವತ್ತು ವರ್ಷದ ಮೇಲಾಯ್ತು. ಆಗ ಬೆಂಗಳೂರಿನಲ್ಲಿ ನಮ್ಮ ಥರದವರು ಬೆರಳೆಣಿಕೆ. ಈಗ ಒಂದು ಬಿಎಂಟಿಸಿ ವೋಲ್ವೋದಲ್ಲಿ ಕೂತವರಲ್ಲೇ ನಾಲ್ಕೈದು ಜನ ಕನ್ನಡದಲ್ಲಿ ಏನಾದ್ರೂ ಬರೆಯೋರು ಸಿಗ್ತಾರೆ. ಎಲ್ಲಿದೆ ನಮ್ಮ ‘ಶಿಕಾರಿ’?

ಭಾಷೆ ತೊಡಕು ಅಂತಾರೆ. ಆಫೀಸು ನಡೆಯೋದು ಇಂಗ್ಲಿಷಿನಲ್ಲಿ, ಜಗಳ ಹಿಂದಿಯಲ್ಲಿ, ಕನ್ನಡದಲ್ಲಿ ಹೇಗೆ ಬರೆಯೋದು? ತೊಡಕು ಹೌದು. ಆದರೆ ಅಪ್ಪನ ಅಂಗಡಿ ನೆನಪು ಮಾಡಿಕೊಳ್ಳಿ: ಮೋಟಾರು, ಸ್ಟಾರ್ಟರು, ಫ್ಯೂಸು, ಬೇರಿಂಗು, ಕಾಯಿಲು. ಒಂದೂ ಕನ್ನಡದ್ದಲ್ಲ, ಎಲ್ಲವೂ ಕನ್ನಡವೇ. ಕೈ ಮಸಿ ಮಾಡಿಕೊಂಡವರು ದಿನಾ ಆಡಿದ್ದರಿಂದ ಕನ್ನಡ ಆದವು. ನಾವು ಕ್ಯಾಂಟೀನಿನಲ್ಲಿ “ಡಿಪ್ಲಾಯ್ ಮಾಡಿ ಕೈ ಸುಟ್ಕೊಂಡೆ ಕಣೋ” ಅಂತೀವಲ್ಲ, ಹಾಗೇ ಬರೆದ್ರೆ ಆಯ್ತು. ‘ನಿಯೋಜಿಸಲಾಯಿತು’ ಅಂತ ಬರೆದು ಮತ್ತೆ ಮೇಲ್ ಭಾಷೆಗೆ ಬೀಳೋದು ಬೇಡ.

ಊರಿಂದ ವಾಪಸ್ ಬಂದ ಮೇಲೆ ಆ ಗೌಡನ ಕಥೆಯನ್ನ ತೆಗೆದು ಹಾಕಿ ಮೊದಲಿಂದ ಬರೀತಿದೀನಿ. ಗೌಡ ಇಲ್ಲ, ಕಂಬ ಇಲ್ಲ, ಮಳೆ ಇಲ್ಲ. ರಾತ್ರಿ ಎರಡು ಹತ್ತು, ಒಂದು ಪೀಜಿ ರೂಮು, ಲ್ಯಾಪ್‌ಟಾಪಿನ ಬೆಳಕು, ರನ್‌ಬುಕ್ಕಿನ ನಾಲ್ಕನೇ ಹಂತ. ಅದನ್ನ ಬರೆದವನು ಯಾರು ಅಂತ ಮೂರನೇ ಸಾಲಿನಲ್ಲೇ ಇದೆ. ಅರ್ಧ ಆದಾಗ ಅವಳ ನಂಬರ್ ಹುಡುಕಿ ಕಳಿಸಿದೆ. ಓದಿ ಬೇಡ ಅಂದ್ರೆ ಎಲ್ಲೂ ಕೊಡಲ್ಲ ಅಂತಲೂ ಬರೆದೆ. ಅವಳು ಈಗ ಹೈದರಾಬಾದಿನಲ್ಲಿದಾಳೆ, ಬೇರೆ ಕಂಪನಿ. ನಾಲ್ಕು ದಿನ ಉತ್ತರ ಇರಲಿಲ್ಲ. ಐದನೇ ದಿನ ಬಂತು.

“ಓದಿದೆ ಸರ್. ಕೊಡ್ರಿ, ನನಗೇನು ಅಡ್ಡಿ ಇಲ್ಲ. ಟೈಮ್ ತಪ್ಪಾಗ್ಯದ. ಎರಡೂ ಹತ್ತಲ್ಲ, ಒಂದೂ ನಲ್ವತ್ತು. ಮತ್ತ ಸ್ಕ್ರಿಪ್ಟ್ ಓಡಸೂಕಿಂತ ಮೊದಲ ನಿಮಗ ಎರಡು ಸಲ ಫೋನ್ ಹಚ್ಚಿದ್ದೆ. ನೀವು ಎತ್ತಲಿಲ್ಲ. ಅದು ಕಥಿಯೊಳಗ ಬಂದಿಲ್ಲ.”

ನನಗೆ ಆ ಫೋನುಗಳ ನೆನಪೇ ಇಲ್ಲ. ಆಗಿನ ಹ್ಯಾಂಡ್‌ಸೆಟ್ ಕೂಡ ಈಗ ಇಲ್ಲ, ನೋಡೋಣ ಅಂದ್ರೆ. ಟೈಮ್ ತಿದ್ದಿದೀನಿ. ಎರಡು ಮಿಸ್ಡ್ ಕಾಲ್ ಸೇರಿಸಿದೀನಿ. ಅವು ಬಂದ ಹೊತ್ತಿನಲ್ಲಿ ಆ ಇನ್ನೊಬ್ಬ ಏನು ಮಾಡ್ತಿದ್ದ ಅನ್ನೋ ಪ್ಯಾರಾ ಮಾತ್ರ ಇನ್ನೂ ಬರೆಯೋಕಾಗಿಲ್ಲ.